ಮನೆಯೊಳಗೇ ಗಡಿ ಹಾದರೆ ಆ ಮನೆ ಯಾವ ದೇಶದ್ದು?

ನೆದರ್‌ಲ್ಯಾಂಡ್ಸಿನ ದಕ್ಷಿಣ ಅಂಚಿನಲ್ಲಿ, ಬೆಲ್ಜಿಯಂನ ತುಣುಕುಗಳೊಡನೆ ಬೆರೆತಿರುವ ಬಾರ್ಲೆ-ನಸ್ಸಾವ್ ಊರಿನ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಇದು. ಮುಂಬಾಗಿಲು ಯಾವ ದೇಶದ ನೆಲದ ಮೇಲಿದೆಯೋ ಮನೆ ಆ ದೇಶದ್ದು, ಅಲ್ಲಿನ ರೂಢಿ ಅಷ್ಟೇ. ತಮಗೆ ಒಗ್ಗುವ ಕಟ್ಟಡ ನಿಯಮಕ್ಕಾಗಿ ಬಾಗಿಲನ್ನೇ ಸರಿಸಿಕೊಂಡವರಿದ್ದಾರೆ. ಗಡಿ ಸರಿಯಾಗಿ ಬಾಗಿಲ ಮಧ್ಯದಲ್ಲೇ ಹಾದುಹೋದ ಒಂದು ಮನೆಗೆ ಎರಡು ನಂಬರುಗಳಿವೆ, ಪ್ರತಿ ದೇಶಕ್ಕೆ ಒಂದೊಂದು.

ಆದರೆ ಇಂಥ ಗಡಿ ಬಂದದ್ದಾದರೂ ಹೇಗೆ? ಭೂಪಟ ಬಿಟ್ಟು ಪಹಣಿ ನೋಡುವವರ ಕಣ್ಣಿಂದ ನೋಡಿದರೆ ಬೇಗ ಅರ್ಥವಾಗುತ್ತದೆ. 1198ರಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಬ್ರಬಾಂಟಿನ ಡ್ಯೂಕ್ ಒಂದನೇ ಹೆನ್ರಿ ಈ ಪ್ರದೇಶವನ್ನು ಹತ್ತಿರದ ಬ್ರೆಡಾ ಪಟ್ಟಣದ ಒಡೆಯನಿಗೆ ಉಂಬಳಿ ಕೊಟ್ಟ. ತನಗೆ ಆಗಲೇ ಕಂದಾಯ ಬರುತ್ತಿದ್ದ ಜಮೀನುಗಳನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡ. ಸಾಗುವಳಿಯ ಹೊಲಗಳು ಅಲ್ಲಲ್ಲಿ ಚದುರಿದ್ದರಿಂದ ಒಡೆತನವೂ ಚದುರಿತು. ಮುಂದೆ ಬ್ರೆಡಾ ನಸ್ಸಾವ್ ಮನೆತನಕ್ಕೆ ಸೇರಿತು. ಡ್ಯೂಕನ ಪಾಲಿಗೆ ಬಾರ್ಲೆ-ಹೆರ್ಟೋಖ್ ಎಂಬ ಹೆಸರು ಉಳಿಯಿತು; ಹೆರ್ಟೋಖ್ ಎಂದರೆ ಡ್ಯೂಕ್. 1648ರ ಒಪ್ಪಂದದಲ್ಲಿ ನಸ್ಸಾವ್ ಪಾಲು ಡಚ್ ಗಣರಾಜ್ಯಕ್ಕೂ ಡ್ಯೂಕನ ಪಾಲು ಸ್ಪೇನಿನ ಅಧೀನದ ದಕ್ಷಿಣಕ್ಕೂ, ಅಂದರೆ ಇಂದಿನ ಬೆಲ್ಜಿಯಂ ಕಡೆಗೂ, ಹೋದಾಗ, ಹೊಲದ ಬದುಗಳೇ ದೇಶದ ಗಡಿಗಳಾದವು.

ಬೆಲ್ಜಿಯಂ ಸ್ವತಂತ್ರವಾದ ಮೇಲೆ, 1843ರಲ್ಲಿ, ಎಲ್ಲೆಡೆ ಗಡಿರೇಖೆ ಎಳೆದ ಅಧಿಕಾರಿಗಳು ಇಲ್ಲಿ ಮಾತ್ರ ಕೈಚೆಲ್ಲಿದರು. ರೇಖೆಯ ಬದಲು 5,732 ಸರ್ವೆ ತುಂಡುಗಳ ಪಟ್ಟಿ ಮಾಡಿ ಒಂದೊಂದಕ್ಕೂ ದೇಶ ಬರೆದರು. ಪಟ್ಟಿ ಎಂದಮೇಲೆ ನಕಲಿನ ಗೊಂದಲ ಬಿಟ್ಟೀತೆ? 91 ಮತ್ತು 92ನೇ ನಂಬರಿನ ಜಮೀನು ಸ್ಥಳೀಯ ದಾಖಲೆಯಲ್ಲಿ ಡಚ್ಚರದು, ಒಪ್ಪಂದದ ಪಟ್ಟಿಯಲ್ಲಿ ಬೆಲ್ಜಿಯಂನದು. ವ್ಯಾಜ್ಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ, 1959ರಲ್ಲಿ ಬೆಲ್ಜಿಯಂ ಪರ ತೀರ್ಪಾಯಿತು. ಗಡಿ ಗುರುತಿಸುವ ಕೆಲಸ ಪೂರ್ತಿ ಮುಗಿದದ್ದು 1995ರಲ್ಲಿ. ಈಗ ಡಚ್ ನೆಲದೊಳಗೆ ಬೆಲ್ಜಿಯಂನ 22 ತುಣುಕುಗಳು, ಅವುಗಳ ಒಳಗೆ ಮತ್ತೆ 7 ಡಚ್ ತುಣುಕುಗಳು.

ಈ ಪಟ್ಟಿಯ ಬೆಲೆ ಗೊತ್ತಾದದ್ದು ಮೊದಲ ಮಹಾಯುದ್ಧದಲ್ಲಿ. ಬೆಲ್ಜಿಯಂ ಅನ್ನು ಆಕ್ರಮಿಸಿದ ಜರ್ಮನ್ನರಿಗೆ ತಟಸ್ಥ ನೆದರ್‌ಲ್ಯಾಂಡ್ಸ್ ದಾಟದೆ ಈ ತುಣುಕುಗಳನ್ನು ಮುಟ್ಟಲಾಗಲಿಲ್ಲ. 1915ರಲ್ಲಿ ಅಲ್ಲೊಂದು ಬೆಲ್ಜಿಯನ್ ರೇಡಿಯೋ ಕೇಂದ್ರವೂ ನಿಂತಿತು. ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ.

ವಿನಿಮಯ ಮಾಡಿಕೊಂಡು ಸರಿಪಡಿಸಬಾರದಿತ್ತೇ ಎಂದೂ ಕೇಳುತ್ತಾರೆ. 1892ರಲ್ಲಿ ಅಂಥ ಒಪ್ಪಂದ ಬರೆದರು, ಅಂಗೀಕಾರ ಸಿಗಲಿಲ್ಲ. ನಮ್ಮ ಕೂಚ್ ಬಿಹಾರದ ಗಡಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶ ಇಂಥ 162 ತುಣುಕುಗಳನ್ನು 2015ರ ಜುಲೈ 31ರ ನಡುರಾತ್ರಿ ಅದಲುಬದಲು ಮಾಡಿಕೊಂಡವು. ಅಲ್ಲಿಯ ಜನ ಶಾಲೆಗೆ, ಆಸ್ಪತ್ರೆಗೆ ಹೋಗಲೂ ಪರದೇಶ ದಾಟಬೇಕಿತ್ತು. ಬಾರ್ಲೆಯಲ್ಲಿ ಆ ಸಂಕಟವಿಲ್ಲ. ಗಡಿಯಲ್ಲಿ ತಪಾಸಣೆಯಿಲ್ಲ, ಎರಡೂ ಕಡೆ ಮಾತು ಡಚ್, ನಾಣ್ಯ ಯೂರೋ. ಪುರಸಭೆಗಳು ಮಾತ್ರ ಎರಡು. ಕಾಲುದಾರಿಯ ಮೇಲಿನ ಬಿಳಿ ಶಿಲುಬೆ ಗುರುತುಗಳನ್ನು ಹಿಡಿದು ನಡೆದರೆ ಯಾವ ಅಂಗಡಿ ಯಾವ ದೇಶದ್ದೆಂದು ತಿಳಿಯುತ್ತದೆ.