ಬಡಿಗೇರ ಅಜ್ಜನ ಹನ್ನೊಂದು ಮನೆ

ನಮ್ಮ ಸೋದರಮಾವ ಗೌಂಡಿ. ನಲವತ್ತು ವರ್ಷ ಹುಬ್ಬಳ್ಳಿಯಲ್ಲಿ ಗೋಡೆ ಕಟ್ಟಿದವರು. ಅವರ ಜೊತೆ ಊರು ನೋಡಲು ಹೋದರೆ ಒಂದೇ ತೊಂದರೆ. ಗುಡಿಗೆ ಹೋದರೂ ದೇವರಿಗೆ ಕೈ ಮುಗಿಯುವ ಮೊದಲು ಗೋಡೆಯ ಮೂಲೆ ನೆಟ್ಟಗಿದೆಯಾ ಅಂತ ನೋಡುತ್ತಾರೆ.

ಜನವರಿಯ ಒಂದು ಭಾನುವಾರ ಇಬ್ಬರೂ ಗದಗಿನ ಬಸ್ಸು ಹತ್ತಿದೆವು. ಅಣ್ಣಿಗೇರಿ ದಾಟಿದ ಮೇಲೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಬಿಳಿಜೋಳ ತೆನೆ ಹಿಡಿದಿತ್ತು, ಕಡಲೆ ಕಾಯಿ ಕಟ್ಟಿತ್ತು. ಗದಗಿಗೆ ಬಂದವರು ಸಾಮಾನ್ಯವಾಗಿ ಲಕ್ಕುಂಡಿಗೆ ಹೋಗುತ್ತಾರೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಮುಸುಕಿನ ಬಾವಿ, ಕಾಶಿ ವಿಶ್ವನಾಥ ಗುಡಿ. ನನಗೂ ಅದೇ ಮನಸ್ಸಿತ್ತು. ಮಾವ ಒಪ್ಪಲಿಲ್ಲ. "ಅವನ್ನ ಮುಂದಿನ ಸಲ ನೋಡೂಣು. ಗುಡಿ ಎಲ್ಲಿಗೂ ಹೋಗಂಗಿಲ್ಲ. ಮನಿಗಳು ಹೊಂಟಾವು" ಅಂದರು.

ಹಾಗಾಗಿ ರೋಣದ ಕಡೆ ಹೋಗುವ ಬಸ್ಸು. ನಾವು ಇಳಿದ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಆ ಊರಲ್ಲಿ ಹನ್ನೊಂದು ಮನೆ ಒಬ್ಬನೇ ಬಡಿಗನ ಕೈಯಲ್ಲಿ ಆದವು. ಬಡಿಗೇರ ಅಜ್ಜ ಅಂತಾರೆ, ಅಷ್ಟೇ. ತೀರಿಕೊಂಡು ಮೂರು ತಲೆಮಾರಾಯಿತು. ಬೇರೆ ಯಾರೋ ಮಾಡಿದ ಬಾಗಿಲು ಗಟ್ಟಿಯಿದ್ದರೂ ಊರವರು "ಅಜ್ಜನ ಬಾಗಲ ಇದ್ದಂಗ ಐತಿ" ಅನ್ನುತ್ತಾರೆ. ಎಲ್ಲಿ ಎಷ್ಟು ಅಂಕಣ, ಪಡಸಾಲೆ ಎಷ್ಟು ಎತ್ತರ, ಬೆಳಕು ಎಲ್ಲಿಂದ ಬರಬೇಕು, ಎಲ್ಲ ಅವನೇ ಹೇಳುತ್ತಿದ್ದನಂತೆ. ಗೌಂಡಿ ಅವನ ಮಾತು ಕೇಳಿ ಕಟ್ಟುತ್ತಿದ್ದ. ಇದನ್ನು ಹೇಳುವಾಗ ಮಾವನ ಮುಖ ಸ್ವಲ್ಪ ಗಂಟಿಕ್ಕಿತ್ತು.

ಮೊದಲ ಮನೆಯಲ್ಲೇ ಅರ್ಧ ದಿನ ಹೋಯಿತು. ತಲಬಾಗಿಲ ಬಾಗಿಲವಾಡದ ಮೇಲೆ ಎರಡು ಗಿಳಿ ಕೆತ್ತಿದ್ದಾನೆ. ಒಂದು ನೇರ ನೋಡುತ್ತದೆ, ಇನ್ನೊಂದು ಕತ್ತು ತಿರುಗಿಸಿದೆ. ಪ್ರತಿ ವರ್ಷ ಬಣ್ಣ ಬಳಿದು ಬಳಿದು ಗಿಳಿಯ ಕಣ್ಣೇ ಮುಚ್ಚಿಹೋಗಿದೆ. ಇದೇ ಅಜ್ಜನ ಗುರುತು ಅಂದುಕೊಂಡು ಸಾಲು ಸಾಲು ಫೋಟೋ ಹೊಡೆದೆ.

"ಗಿಳಿ ಎಲ್ಲಾರೂ ಕೆತ್ತತಾರ. ಅಗಳಿ ನೋಡು" ಅಂದರು ಮಾವ.

ಬಾಗಿಲ ಹಿಂದೆ ಗೋಡೆಯಲ್ಲಿ ಒಂದು ಚೌಕ ತೂತು. ಅದರೊಳಗೆ ನನ್ನ ತೋಳಿನಷ್ಟು ದಪ್ಪದ ಸಾಗವಾನಿ ತೊಲೆ ಮಲಗಿದೆ. ಮಾವ ಎರಡು ಬೆರಳು ಕೊಟ್ಟು ಎಳೆದರು. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬಂತು. ಬಾಗಿಲಿಗೆ ಅಡ್ಡ ಓಡಿ ಆ ಕಡೆಯ ಗೋಡೆಯ ತೂತಿನಲ್ಲಿ ಕೂತಿತು. ಸದ್ದೇ ಇಲ್ಲ. ಮತ್ತೆ ಹಿಂದೆ ತಳ್ಳಿದರು. ಮತ್ತೆ ಎಳೆದರು. ಸಣ್ಣ ಮಕ್ಕಳ ಹಾಗೆ ನಾಲ್ಕೈದು ಸಲ.

ಈ ತೂತನ್ನು ಆಮೇಲೆ ಕೊರೆಯಲು ಬರುವುದಿಲ್ಲ. ಎರಡಡಿಗೂ ದಪ್ಪದ ಕಲ್ಲುಮಣ್ಣಿನ ಗೋಡೆ ಏಳುವಾಗಲೇ ಅಗಳಿಯನ್ನು ಒಳಗಿಟ್ಟು ಕಟ್ಟಬೇಕು. ಒಂದು ಬೆರಳು ಆಚೀಚೆ ಆದರೂ ಓಡುವುದಿಲ್ಲ. ಎರೆಮಣ್ಣಂತೂ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಅಡಿಪಾಯ ಅಲುಗಿದರೆ ಗೋಡೆಯೂ ಸೀಳುತ್ತದೆ. ಅಂಥ ನೆಲದ ಮೇಲೆ ಇಷ್ಟು ವರ್ಷ ಆದಮೇಲೂ ಎರಡು ಗೋಡೆಯ ತೂತು ಎದುರುಬದುರು ನಿಂತಿವೆ. ಮಾವ ಕೊನೆಗೆ ಒಪ್ಪಿಕೊಂಡರು: "ಗೌಂಡಿನೂ ಭಾಳ ಚಲೋ ಇದ್ದ."

ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಎತ್ತುಗಳಿಗೆ ಮೇವು ಹಾಕುವ ಗ್ವಾದ್ಲಿ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಹಂಚಿಲ್ಲ. ಮೇಲೆ ಬರೀ ಮಣ್ಣಿನ ಮಾಳಿಗೆ. ಈ ಸೀಮೆಯಲ್ಲಿ ಮಳೆ ಕಡಿಮೆ, ಮಣ್ಣಿನ ಮಾಳಿಗೆ ನಡೆಯುತ್ತದೆ. ಧಾರವಾಡದ ಕಡೆ ಮಳೆ ಜಾಸ್ತಿ, ಅಲ್ಲಿ ಹಂಚೇ ಬೇಕು. ಮಾಳಿಗೆಯ ಮೇಲೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸವಳುಮಣ್ಣು ಹರಡುತ್ತಾರೆ. ನೀರು ಬಿದ್ದರೆ ಆ ಮಣ್ಣು ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಕಿಟಕಿ ಇಲ್ಲವೇ ಇಲ್ಲ. ಮಾಳಿಗೆಯಲ್ಲಿ ಗವಾಕ್ಷಿ ಇದೆ. ತಳ ಒಡೆದ ಗಡಿಗೆ ಕೂರಿಸಿದ ಒಂದು ಬೆಳಕಿಂಡಿ. ಅಲ್ಲಿಂದ ಇಳಿದ ಬಿಸಿಲು ರೊಟ್ಟಿಯಷ್ಟು ಅಗಲಕ್ಕೆ ನೆಲದ ಮೇಲೆ ಬಿದ್ದಿತ್ತು. ಅದರೊಳಗೆ ಒಲೆಯ ಹೊಗೆ ಏಳುವುದನ್ನು ನೋಡುತ್ತಾ ನಾನು ಮೈಮರೆತು, ಎಷ್ಟು ಚಂದ ಅಂದೆ.

ಮನೆಯ ಅಜ್ಜಿ ಕೇಳಿಸಿಕೊಂಡರು. "ಚಂದ ಖರೇ ತಮ್ಮಾ. ನಡುರಾತ್ರ್ಯಾಗ ಮಳಿ ಬಂದ್ರ ಮ್ಯಾಲೆ ಹತ್ತಿ ಕಲ್ಲು ಮುಚ್ಚಾಕ ನೀ ಬರ್ತೀಯೇನು?"

ಉತ್ತರ ಇರಲಿಲ್ಲ. ಆ ಕತ್ತಲ ಅಡುಗೆಮನೆಯಲ್ಲಿ ಐವತ್ತು ವರ್ಷ ಹೊಗೆ ಕುಡಿದವರು ಅವರು. ಮಗ ಹಿತ್ತಲಲ್ಲಿ ಸ್ಲ್ಯಾಬಿನ ಎರಡು ಕೋಣೆ ಹಾಕಿಸಿದ್ದಾನೆ. ಅಜ್ಜಿ ಮಲಗುವುದು ಅಲ್ಲೇ. ಸುಮ್ನೆ ಹಳೆಯದೆಲ್ಲ ಬಂಗಾರ ಅನ್ನುವವರು ಈ ಅಜ್ಜಿಯ ಜೊತೆ ಒಂದು ಮಳೆಗಾಲ ಇರಬೇಕು, ನಾನೂ ಸೇರಿ.

ಪಡಸಾಲೆಯ ಮೂಲೆಯಲ್ಲಿ ಒಂದು ಚಪ್ಪಡಿ. ಅದರ ಕೆಳಗೆ ಹಗೇವು, ಕಾಳು ಕೂಡಿಡುವ ನೆಲದ ಗುಂಡಿ. ಬಾಯಿ ಸಣ್ಣ, ಹೊಟ್ಟೆ ದೊಡ್ಡ. ಒಳಗೆ ಸುತ್ತಲೂ ಕಣಿಕೆ, ಅಂದರೆ ಜೋಳದ ಒಣ ದಂಟು, ಒತ್ತಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ತೆಗೆದ ದಿನ ಯಾರೂ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಉಸಿರುಗಟ್ಟಿ ಸತ್ತವರಿದ್ದಾರೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು. ದೀಪ ಆರಿದರೆ ಮರುದಿನ ನೋಡಬೇಕು. ಈಗ ಅದರೊಳಗೆ ಹಳೆಯ ಟೈರು ಮತ್ತು ಒಂದು ಮುರಿದ ಕೂರಿಗೆ ಇದೆ.

ಉಳಿದ ಮನೆಗಳನ್ನು ಬೇಗ ನೋಡಿದೆವು. ಎರಡಕ್ಕೆ ಬೀಗ. ಒಂದರಲ್ಲಿ ನಾಯಿ ಒಳಗೆ ಬಿಡಲಿಲ್ಲ. ಇನ್ನೊಂದರ ಗಿಡ್ಡ ಬಾಗಿಲಿಗೆ ನನ್ನ ಹಣೆ ಸರಿಯಾಗಿ ಬಡಿಯಿತು. ಒಂಬತ್ತನೆಯ ಮನೆಯ ಪಡಸಾಲೆಯಲ್ಲಿ ಕಂಬಗಳೇ ಇರಲಿಲ್ಲ. ತೊಲೆಗಳಿಗೆ ಕಬ್ಬಿಣದ ಪೈಪು ಆಸರೆ ಕೊಟ್ಟಿದ್ದರು. ನೆಲದಲ್ಲಿ ಕಂಬದ ಕಲ್ಲುಗಳು ಮಾತ್ರ ಉಳಿದಿದ್ದವು, ನಡುವೆ ಒಂದೊಂದು ಚೌಕ ಗುಳಿ. ಹಳೆ ಕಂಬ ಕೊಳ್ಳುವವರು ಲಾರಿ ತಂದು ಒಯ್ದರಂತೆ. ಯಾವುದೋ ಊರಿನ ರೆಸಾರ್ಟಿಗೆ. ಮಗಳ ಮದುವೆ ಇತ್ತು, ಬಂದ ದುಡ್ಡು ಆಸರೆಯಾಯಿತು ಅಂದರು ಮನೆಯವರು. ತಪ್ಪು ಅಂತ ಹೇಳಲು ನಾವ್ಯಾರು? ಆದರೆ ಆ ಲಾರಿಗೆ ನಾನು ದಾರಿ ತೋರಿಸಲಾರೆ. ಊರಿನ ಹೆಸರು ಬರೆಯದಿದ್ದುದು ಇದಕ್ಕೇ.

ಮಾವ ಒಂದು ಗುಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆರಳು ಹಾಕಿ ಅಳೆದರು. ಏನೂ ಮಾತಾಡಲಿಲ್ಲ.

ಸಂಜೆ ಹೊರಡುವ ಮೊದಲು ಮೊದಲ ಮನೆಯಲ್ಲಿ ಇಟ್ಟಿದ್ದ ಚೀಲ ತರಲು ಹೋದೆವು. ಅಜ್ಜಿ ರೊಟ್ಟಿ, ಪುಂಡಿಪಲ್ಯ, ಒಂದು ಹಿಡಿ ಹಸಿ ಕಡಲೆಗಿಡ ಕಟ್ಟಿ ಕೊಟ್ಟರು. ಅವರು ಈಗಲೂ ಕತ್ತಲಾಗುವ ಮೊದಲೇ ತಲಬಾಗಿಲು ಹಾಕಿಕೊಂಡು ಹಿತ್ತಲ ಕಡೆ ಹೋಗುತ್ತಾರೆ. ನಾವು ಕಟ್ಟೆ ಇಳಿದೆವು, ಹಿಂದೆ ಬಾಗಿಲು ಮುಚ್ಚಿತು. ಬಸ್ಸಿಗೆ ಹತ್ತೇ ನಿಮಿಷ ಇತ್ತು. ಮಾವ ಮಾತ್ರ ಓಣಿಯ ನಡುವೆ ನಿಂತುಬಿಟ್ಟರು, ಕಿವಿ ಬಾಗಿಲ ಕಡೆ ಕೊಟ್ಟು.

"ಅಗಳಿ ಎಳದಿದ್ದು ಕೇಳಸ್ತೇನು?"

"ಇಲ್ಲ ಮಾವ."

"ಹಾಂ" ಅಂದು, ಖುಷಿಯಿಂದ ಬಸ್‌ಸ್ಟ್ಯಾಂಡಿನ ಕಡೆ ನಡೆದರು.