ವಾರ್ಡ್ ಸಭೆಯಲ್ಲಿ ಕೂರುವವರು ಯಾರು, ಉತ್ತರ ಕೊಡುವವರು ಯಾರು?

ಪಾಲಿಕೆಯ ತೀರ್ಮಾನಗಳಲ್ಲಿ ನಿವಾಸಿಗಳಿಗೂ ಪಾಲಿರಬೇಕೆಂಬ ಮಾತನ್ನು ಬೆಂಗಳೂರಿನಲ್ಲಿ ಈಗ ಯಾರೂ ವಿರೋಧಿಸುವುದಿಲ್ಲ. ಮಂತ್ರಿಗಳೂ ಅದನ್ನೇ ಹೇಳುತ್ತಾರೆ, ಅಧಿಕಾರಿಗಳೂ ಅದನ್ನೇ ಹೇಳುತ್ತಾರೆ, ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಇನ್ನಷ್ಟು ಜೋರಾಗಿ ಹೇಳುತ್ತಾರೆ. ಇಷ್ಟು ಸಲೀಸಾಗಿ ಎಲ್ಲರೂ ಒಪ್ಪುವ ಮಾತಿನ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಆ ನಿವಾಸಿಗಳು ಯಾರು, ಅವರನ್ನು ಆರಿಸುವವರು ಯಾರು, ಕಾಮಗಾರಿಯ ಯಾವ ಹಂತದಲ್ಲಿ ಅವರನ್ನು ಕೇಳಬೇಕು, ಅವರು ಹೇಳಿದ್ದನ್ನು ಒಪ್ಪದಿದ್ದರೆ ಕಾರಣ ಬರೆದುಕೊಡುವ ಹೊಣೆ ಯಾರದು ಎಂದು ಕೇಳಿ ನೋಡಿ, ಒಮ್ಮತ ಅಲ್ಲಿಗೇ ಚದುರುತ್ತದೆ.

ಕಾಗದದ ಮೇಲೆ ನಮಗೆ ಕೊರತೆಯೇನಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿತು. ಅದರ ಸ್ವರೂಪವನ್ನು ಮಾತ್ರ ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಕರ್ನಾಟಕವು 2011ರಲ್ಲಿ ಪೌರ ನಿಗಮಗಳ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ವಾರ್ಡಿಗೂ ಸಮಿತಿಯೊಂದಿರಬೇಕು, ಅದರಲ್ಲಿ ಕಾರ್ಪೊರೇಟರ್ ಅಧ್ಯಕ್ಷರಾಗಿರಬೇಕು, ಜೊತೆಗೆ ಹತ್ತು ಮಂದಿ ಸದಸ್ಯರಿದ್ದು ಅವರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ನಿವಾಸಿಗಳ ಸಂಘಗಳಿಗೂ ಸ್ಥಾನವಿರಬೇಕು ಎಂದಿತು. ನಿಯಮಾವಳಿ ಬರಲು 2016 ಆಯಿತು. ಬೆಂಗಳೂರಿನಲ್ಲಿ ತಿಂಗಳ ಮೊದಲ ಶನಿವಾರ ಸಭೆ ಎಂಬ ಪದ್ಧತಿ ಶುರುವಾದದ್ದು 2018ರ ಡಿಸೆಂಬರಿನಲ್ಲಿ. ಅದು ಇನ್ನೂ ಬೇರು ಬಿಡುವ ಮೊದಲೇ, 2020ರ ಸೆಪ್ಟೆಂಬರಿನಲ್ಲಿ, ಪಾಲಿಕೆಯ ಅವಧಿ ಮುಗಿಯಿತು. ಅಲ್ಲಿಂದ ಮುಂದೆ ಐದು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸದಸ್ಯರಿಲ್ಲದೆ, ಆಡಳಿತಾಧಿಕಾರಿಯ ಸಹಿಯಲ್ಲೇ ಈ ಮಹಾನಗರ ನಡೆದಿದೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ (ಬಿಬಿಎಂಪಿ) ಇಲ್ಲವಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. 198 ಇದ್ದ ವಾರ್ಡುಗಳು 369 ಆದವು. ಹೊಸ ಕಾಯ್ದೆಯೂ ವಾರ್ಡ್ ಸಮಿತಿಯನ್ನು ಉಳಿಸಿಕೊಂಡಿದೆ.

ಈ ಚರಿತ್ರೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಕಟ್ಟಿದಾಗ ಸುತ್ತಲಿನ ಏಳು ನಗರಸಭೆಗಳು ಮತ್ತು ಒಂದು ಪುರಸಭೆಯ ಜೊತೆಗೆ 110 ಹಳ್ಳಿಗಳನ್ನೂ ಸೇರಿಸಿಕೊಳ್ಳಲಾಯಿತು. ಆ ಹಳ್ಳಿಗಳಲ್ಲಿ ಅದುವರೆಗೆ ಗ್ರಾಮಸಭೆ ಇತ್ತು. ಅದು ಎಲ್ಲ ಕಡೆಯೂ ಚೆನ್ನಾಗಿ ನಡೆಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಮನೆಯ ಫಲಾನುಭವಿಗಳ ಪಟ್ಟಿಯನ್ನು ಊರವರೆದುರು ಓದಬೇಕು, ಮತದಾರರಾದ ಯಾರು ಬೇಕಾದರೂ ಎದ್ದು ನಿಂತು ತಕರಾರು ತೆಗೆಯಬಹುದು ಎಂಬ ಹಕ್ಕು ಕಾನೂನಿನಲ್ಲಿತ್ತು. ನಗರಕ್ಕೆ ಸೇರಿದ ದಿನ ಆ ಹಕ್ಕು ಹೋಯಿತು, ಬದಲಿಗೆ ಅಂಥದ್ದೇನೂ ಸಿಗಲಿಲ್ಲ. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಟ್ಯಾಂಕರ್ ನೀರಿಗೆ ದುಡ್ಡು ಸುರಿದ ಆ ಜನರಿಗೆ, ಪೈಪು ಮೊದಲು ಯಾವ ಬೀದಿಗೆ ಬರಬೇಕೆಂದು ಅಧಿಕೃತವಾಗಿ ಕೇಳಲು ಕಟ್ಟೆಯೊಂದೂ ಇರಲಿಲ್ಲ.

ಚುನಾಯಿತ ಸದಸ್ಯರಿಲ್ಲದ ಕಾಲದಲ್ಲಿ ನೋಡಲ್ ಅಧಿಕಾರಿಯೊಬ್ಬರು ನಡೆಸಿದ ಸಭೆಯೊಂದರಲ್ಲಿ ಕಂಡದ್ದನ್ನು ಬರೆಯುತ್ತೇನೆ. ಯಾವ ವಾರ್ಡು ಎಂಬುದು ಮುಖ್ಯವಲ್ಲ. ವಾರ್ಡ್ ಕಚೇರಿಯ ಮೇಲ್ಮಹಡಿ, ಮುರಿದ ಕೈಯ ಪ್ಲಾಸ್ಟಿಕ್ ಕುರ್ಚಿಗಳು, ಹಾಜರಿ ಪುಸ್ತಕ. ಬಂದಿದ್ದವರಲ್ಲಿ ಹೆಚ್ಚಿನವರು ನಿವೃತ್ತರು, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು. ಫುಟ್‌ಪಾತಿನ ಟೈಲ್ಸು, ಪಾರ್ಕಿನ ಗೇಟು ಎಷ್ಟು ಗಂಟೆಗೆ ಮುಚ್ಚಬೇಕು, ರಸ್ತೆ ಬದಿಯ ಗಾಡಿಗಳನ್ನು ಎತ್ತಿಸಬೇಕು ಎಂಬ ಮಾತುಗಳೇ ಮುಕ್ಕಾಲು ಗಂಟೆ ನಡೆದವು. ಹಿಂದಿನ ಸಾಲಿನಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸೊಬ್ಬರು ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ಕೂತಿದ್ದರು. ಕಡೆಗೂ ಅವರಿಗೆ ಮಾತನಾಡಲು ಸಿಕ್ಕಾಗ ಕೇಳಿದ್ದು ಒಂದೇ: "ಸಾರ್, ನಮ್ಮ ಬೀದಿಗೆ ರಾತ್ರಿ ಎರಡು ಗಂಟೆಗೆ ನೀರು ಬಿಡ್ತಾರೆ. ಬೆಳಗ್ಗೆ ಬಿಡಿ ಅಂತ ಯಾರನ್ನ ಕೇಳ್ಬೇಕು?" ಎಂಜಿನಿಯರರು ಸೌಮ್ಯವಾಗಿಯೇ ಹೇಳಿದರು: "ಅದು ನಮ್ಮ ಇಲಾಖೆಗೆ ಬರೋದಿಲ್ಲಮ್ಮ." ಅವರು ಹೇಳಿದ್ದು ಸುಳ್ಳಲ್ಲ. ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು. ಬಡಾವಣೆ ಬಿಡಿಎಯದಾದರೆ ಅದೂ ಬೇರೆ. ಆಕೆಯ ಬದುಕಿಗೆ ತಟ್ಟುವ ತೀರ್ಮಾನಗಳಲ್ಲಿ ಮುಖ್ಯವಾದವೆಲ್ಲ ಆ ಕೋಣೆಯ ಹೊರಗೇ ಆಗುತ್ತಿದ್ದವು. ನಡಾವಳಿಯಲ್ಲಿ ಆ ಪ್ರಶ್ನೆ ದಾಖಲಾಗಲೂ ಇಲ್ಲ.

ಅಲ್ಲಿದ್ದ ನಿವೃತ್ತರನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅವರಿಲ್ಲದಿದ್ದರೆ ಸಭೆಯೇ ನಡೆಯುತ್ತಿರಲಿಲ್ಲ. ಕಡತ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರು ಅವರೇ. ಆದರೆ ಬಿಡುವಿದ್ದವರು ಮಾತ್ರ ಬರುವ ಸಭೆಯು ವಾರ್ಡಿನ ಸಭೆಯಾಗುವುದಿಲ್ಲ, ಕಾರ್ಪೊರೇಟರ್ ಬರೆದುಕೊಟ್ಟ ಪಟ್ಟಿಯಿಂದ ಹುಟ್ಟಿದ ಸಮಿತಿಯಂತೂ ಆಗುವುದೇ ಇಲ್ಲ. ಗಾಡಿ ಎತ್ತಿಸಿ ಎಂದು ಠರಾವು ಮಾಡುವ ಸಭೆಯಲ್ಲಿ ಗಾಡಿಯವನಿಗೂ ಜಾಗವಿರಬೇಕಲ್ಲವೇ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದನ್ನು ಅರ್ಥ ಮಾಡಿಕೊಂಡಿತ್ತು: ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ರಷ್ಟು ಸದಸ್ಯರು ಸ್ವತಃ ವ್ಯಾಪಾರಿಗಳೇ ಆಗಿರಬೇಕು, ಅವರು ತಮ್ಮಲ್ಲೇ ಚುನಾಯಿತರಾಗಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದು ಅದು ಹೇಳುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಚೀಟಿ ಎತ್ತುವುದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಇದು ಹೊರದೇಶದಿಂದ ಬಂದ ಹೊಸ ಹುಚ್ಚು ಎಂದು ಮೂಗು ಮುರಿಯುವವರು ಕಾಂಚೀಪುರದ ಸಮೀಪದ ಉತ್ತರಮೇರೂರಿಗೆ ಒಮ್ಮೆ ಹೋಗಿ ಬರಬಹುದು. ಚೋಳ ದೊರೆ ಮೊದಲನೆಯ ಪರಾಂತಕನ ಕಾಲದಲ್ಲಿ, ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಅಲ್ಲಿನ ದೇವಾಲಯದ ಗೋಡೆಯ ಮೇಲೆ ಊರಿನ ಸಮಿತಿಗಳನ್ನು ಆರಿಸುವ ವಿಧಾನವನ್ನು ಸವಿಸ್ತಾರವಾಗಿ ಕೆತ್ತಿಸಿದ್ದಾರೆ. ಊರನ್ನು ಮೂವತ್ತು ಕೇರಿಗಳಾಗಿ ವಿಂಗಡಿಸಿ, ಅರ್ಹರ ಹೆಸರುಗಳನ್ನು ಓಲೆಗರಿಯ ಮೇಲೆ ಬರೆದು, ಕೊಡದಲ್ಲಿ ಹಾಕಿ ಕಲಕಿ, ಏನೂ ತಿಳಿಯದ ಬಾಲಕನ ಕೈಯಿಂದ ಒಂದನ್ನು ಎತ್ತಿಸುತ್ತಿದ್ದರು. ಕೆರೆಗೆ ಒಂದು ಸಮಿತಿ, ತೋಟಕ್ಕೆ ಒಂದು ಸಮಿತಿ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರ ಹೆಸರು ಕೊಡಕ್ಕೆ ಬೀಳುವಂತಿರಲಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದೆ ಹೋದವರು ಅನರ್ಹರು, ಅವರಷ್ಟೇ ಅಲ್ಲ, ಅವರ ನೆಂಟರೂ ಅನರ್ಹರು! ಈ ಒಂದು ನಿಯಮವನ್ನು ಇಂದು ಜಾರಿಗೆ ತಂದರೆ ನಮ್ಮ ಎಷ್ಟೋ ಸಭಾಂಗಣಗಳು ಖಾಲಿಯಾಗುತ್ತಿದ್ದವು. ಹಾಗೆಂದು ಆ ಊರನ್ನು ಪ್ರಜಾಪ್ರಭುತ್ವದ ತವರು ಎಂದು ಹಾಡಿ ಹೊಗಳುವ ಅಗತ್ಯವಿಲ್ಲ. ಜಮೀನುಳ್ಳ, ವೇದ ಬಲ್ಲ ಬ್ರಾಹ್ಮಣ ಗಂಡಸರ ಹೆಸರಷ್ಟೇ ಆ ಕೊಡಕ್ಕೆ ಬೀಳುತ್ತಿತ್ತು. ನಮ್ಮ ಕೊಡಕ್ಕೆ ವಾರ್ಡಿನ ಇಡೀ ಮತದಾರರ ಪಟ್ಟಿ ಬೀಳಬೇಕು, ಬಾಡಿಗೆ ಮನೆಯಲ್ಲಿದ್ದು ಇನ್ನೂ ಊರಿನಲ್ಲೇ ಮತದಾರರಾಗಿರುವವರಿಗೂ ಒಂದು ದಾರಿ ಇರಬೇಕು.

ಚೀಟಿಯಲ್ಲಿ ಬಂದವರಿಗೆ ಬಜೆಟ್ಟು, ಟೆಂಡರು, ಅಂದಾಜು ಪಟ್ಟಿ ಇವೆಲ್ಲ ಎಲ್ಲಿ ಅರ್ಥವಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಲವು ಸಲ ಕೇಳಿದ್ದೇನೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಪಾಲಿಕೆ 2014ರಲ್ಲಿ 43 ಮಂದಿಯ ನಾಗರಿಕ ಮಂಡಳಿಯನ್ನು ಹೀಗೆ ಆರಿಸಿ, ಐನೂರು ಕೋಟಿ ಡಾಲರಿನ ಹತ್ತು ವರ್ಷಗಳ ಹಣಕಾಸು ಯೋಜನೆಗೆ ಸಲಹೆ ಕೇಳಿತು. ಲೆಕ್ಕದ ಪುಸ್ತಕಗಳನ್ನು ಅವರ ಮುಂದೆ ತೆರೆದಿಟ್ಟು, ತಿಂಗಳುಗಟ್ಟಲೆ ಸಮಯ ಕೊಟ್ಟಿತು. ಉಚಿತ ಸೌಕರ್ಯಗಳ ಪಟ್ಟಿ ಬರುತ್ತದೆಂದು ಯಾರಾದರೂ ಎಣಿಸಿದ್ದರೆ ಅದು ಹುಸಿಯಾಯಿತು, ಏಕೆಂದರೆ ಆ ಮಂಡಳಿ ಕೊಟ್ಟ ಸಲಹೆಗಳಲ್ಲಿ ಆಸ್ತಿ ತೆರಿಗೆಯನ್ನು ಏರಿಸಬೇಕೆಂಬುದೂ ಇತ್ತು. ಲೆಕ್ಕ ತೋರಿಸಿದರೆ ಜನ ಲೆಕ್ಕಾಚಾರದಿಂದಲೇ ಮಾತನಾಡುತ್ತಾರೆ.

ನಮ್ಮಲ್ಲಿ ಲೆಕ್ಕ ಯಾವಾಗ ತೋರಿಸುತ್ತಾರೆ ಎಂಬುದೇ ತೊಡಕು. ಕೆಲವು ವರ್ಷಗಳ ಹಿಂದೆ ಪ್ರತಿ ವಾರ್ಡ್ ಸಮಿತಿಗೂ 60 ಲಕ್ಷ ರೂಪಾಯಿಯ ಬಗ್ಗೆ ತೀರ್ಮಾನಿಸುವ ಅವಕಾಶ ಕೊಟ್ಟಾಗ ಅದರಲ್ಲಿ 20 ಲಕ್ಷ ರಸ್ತೆಗುಂಡಿಗೆ, 20 ಲಕ್ಷ ಫುಟ್‌ಪಾತಿಗೆ, 20 ಲಕ್ಷ ಕೊಳವೆಬಾವಿಗೆ ಎಂದು ಮೊದಲೇ ಭಾಗ ಮಾಡಿಟ್ಟಿದ್ದರು. ಮದುವೆ ಛತ್ರದಲ್ಲಿ ಅಡುಗೆಯ ಪಟ್ಟಿಯನ್ನು ಭಟ್ಟರಿಗೆ ಕೊಟ್ಟಾದ ಮೇಲೆ, ಉಪ್ಪಿನಕಾಯಿ ಯಾವುದಿರಲಿ ಎಂದು ಬೀಗರನ್ನು ಕೇಳಿದ ಹಾಗೆ. ಆದರೂ ಅದೊಂದು ಆರಂಭವೇ ಆಗಿತ್ತು ಎಂಬುದನ್ನು ಒಪ್ಪುತ್ತೇನೆ. 2025–26ರಲ್ಲಿ ಬಿಬಿಎಂಪಿಯ ಬಜೆಟ್ ಸುಮಾರು 19,900 ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ರಸ್ತೆ, ಮೇಲ್ಸೇತುವೆ, ಸುರಂಗಗಳ ಮಾತು ಬಂದಾಗ ವಾರ್ಡಿನ ಸಭೆಗೆ ಸುದ್ದಿ ಮುಟ್ಟುವುದೇ ಪತ್ರಿಕೆಗಳ ಮೂಲಕ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯ ವಿಚಾರದಲ್ಲಿ ಆದದ್ದು ಇದೇ. ಎಂಟುನೂರಕ್ಕೂ ಹೆಚ್ಚು ಮರಗಳು ಹೋಗುತ್ತವೆಂದು ತಿಳಿದ ಮೇಲೆ, 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಆ ದಾರಿಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ಗೆಲುವಿನ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಮಾನವ ಸರಪಳಿಗೆ "ಬೇಡ" ಎನ್ನಲು ಮಾತ್ರ ಬರುತ್ತದೆ. ಆ ಹಣದಲ್ಲಿ ಎಷ್ಟು ಬಸ್ಸು ಕೊಳ್ಳಬಹುದು, ವಿಮಾನ ನಿಲ್ದಾಣದ ದಾರಿಗೆ ಬೇರೆ ಯಾವ ಉಪಾಯವಿದೆ ಎಂದು ಕೂತು ಚರ್ಚಿಸುವುದಕ್ಕೆ ಬೇರೊಂದು ಜಾಗ ಬೇಕಾಗಿತ್ತು, ಅದೂ ಟೆಂಡರಿಗೆ ಮೊದಲು ಬೇಕಾಗಿತ್ತು.

ಎಲ್ಲಕ್ಕಿಂತ ಗಟ್ಟಿಯಾಗಿ ನಾನು ಹೇಳಬಯಸುವುದು ಉತ್ತರದ ವಿಷಯ. ಸಮಿತಿಯ ಸಲಹೆಯನ್ನು ಪಾಲಿಕೆ ಒಪ್ಪಲೇಬೇಕೆಂದು ನಾನು ವಾದಿಸುವುದಿಲ್ಲ. ಮತ ಪಡೆದು ಬಂದವರಿಗೆ ಬೇಡವೆನ್ನುವ ಅಧಿಕಾರ ಇರಲೇಬೇಕು. ಆದರೆ ಬೇಡವೆಂದಾಗ, ಏಕೆ ಬೇಡ ಎಂಬುದನ್ನು ಇಂತಿಷ್ಟು ದಿನಗಳೊಳಗೆ ಬರೆದು, ಮುಂದಿನ ಸಭೆಯಲ್ಲಿ ಎಲ್ಲರೆದುರು ಓದುವುದು ಕಡ್ಡಾಯವಾಗಬೇಕು. ಸಭೆಯ ನಡಾವಳಿ ಮತ್ತು ಅದರ ಮೇಲೆ ಏನು ಕ್ರಮವಾಯಿತೆಂದು ಹೇಳುವ ಅನುಪಾಲನಾ ವರದಿ ಎಂಬ ಎರಡು ಕಾಗದಗಳಿವೆ. ಮೊದಲನೆಯದು ಹೇಗೋ ಸಿದ್ಧವಾಗುತ್ತದೆ, ಎರಡನೆಯದರಲ್ಲಿ "ಕ್ರಮ ವಹಿಸಲಾಗುತ್ತಿದೆ" ಎಂಬ ಒಂದೇ ವಾಕ್ಯ ಕೆಳಗಿಳಿಯುತ್ತಾ ಹೋಗುತ್ತದೆ. ಅದೇ ಮೋರಿ, ಅದೇ ಬೀದಿದೀಪ ಮೂರು ತಿಂಗಳು ಕಾರ್ಯಸೂಚಿಯಲ್ಲಿ ಕಂಡರೆ ನಾಲ್ಕನೆಯ ತಿಂಗಳು ಜನ ಬರುವುದಿಲ್ಲ. ಆಮೇಲೆ, ಸಭೆ ಕರೆದರೂ ಜನರಿಗೆ ಆಸಕ್ತಿಯಿಲ್ಲ ಎಂದು ಅಧಿಕಾರಿಗಳು ಬೇಸರಪಡುತ್ತಾರೆ.

ಇಂಥ ಮಂಡಳಿಗಳು ಬಂದರೆ ನಮ್ಮನ್ನು ಆರಿಸಿ ಏನು ಪ್ರಯೋಜನ ಎಂದು ಕೇಳಿದ ಮಾಜಿ ಕಾರ್ಪೊರೇಟರೊಬ್ಬರ ಮಾತನ್ನು ನಾನು ತಳ್ಳಿಹಾಕಲಾರೆ. ಚುನಾಯಿತ ಸದಸ್ಯರಿಲ್ಲದೆ ಬರೀ ನಾಗರಿಕ ಮಂಡಳಿಯಿಂದ ಊರು ನಡೆಯುವುದಿಲ್ಲ. ಈ ನಗರದಲ್ಲಿ ಗಣ್ಯರ ಕಾರ್ಯಪಡೆಗಳೂ ಬಂದು ಹೋಗಿವೆ, 1999ರಲ್ಲೂ ಬಂದಿತ್ತು, ಅದರ ನಂತರವೂ ಬಂದಿತ್ತು. ಮುಖ್ಯಮಂತ್ರಿ ಬದಲಾದಾಗ ಅವೂ ಮರೆಯಾದವು. ಕಾರ್ಪೊರೇಟರ್ ಅಧ್ಯಕ್ಷರಾಗಿರಲಿ, ಸದಸ್ಯರನ್ನು ಆರಿಸುವ ಪೆನ್ನು ಮಾತ್ರ ಅವರ ಕೈಯಲ್ಲಿರಬಾರದು.

ಹೊಸ ವಾರ್ಡ್ ಸಮಿತಿಗಳು ಬಂದಾಗ ದೊಡ್ಡ ಸುಧಾರಣೆಗಳಿಗಾಗಿ ಕಾದು ಕೂರದೆ ಮಾಡಬಹುದಾದವು ಕೆಲವಿವೆ. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಗಾರ್ಮೆಂಟ್ಸಿನವರು, ಮನೆಗೆಲಸದವರು, ಆಟೋದವರು ಯಾರೂ ಬರಲಾರರು; ಭಾನುವಾರ ಸಂಜೆ ಸರ್ಕಾರಿ ಶಾಲೆಯ ಕೊಠಡಿಯಲ್ಲಿ ಇಟ್ಟುಕೊಳ್ಳಲು ಯಾವ ಕಾನೂನೂ ಅಡ್ಡಿಯಲ್ಲ. ಚೀಟಿಯಲ್ಲಿ ಆಯ್ಕೆಯಾದವರಿಗೆ ಅರ್ಧ ದಿನದ ಕೂಲಿಯಷ್ಟಾದರೂ ಭತ್ಯೆ ಕೊಡಬೇಕು. ಜಲಮಂಡಳಿ ಮತ್ತು ಬೆಸ್ಕಾಂನಿಂದ ಒಬ್ಬೊಬ್ಬ ಕಿರಿಯ ಎಂಜಿನಿಯರಾದರೂ ಪ್ರತಿ ಸಭೆಯಲ್ಲಿ ಕೂತಿರಬೇಕು. ಕಾಮಗಾರಿಯ ಅಂದಾಜು ಪಟ್ಟಿ ಇಂಗ್ಲಿಷಿನಲ್ಲೇ ಇರಲಿ, ಅದರ ಒಂದು ಪುಟದ ಸಾರಾಂಶ ಕನ್ನಡದಲ್ಲಿ, ಯಾವ ಬೀದಿಯಿಂದ ಯಾವ ಬೀದಿಯವರೆಗೆ, ಎಷ್ಟು ಹಣ, ಯಾವಾಗ ಶುರು ಎಂಬ ವಿವರಗಳೊಡನೆ ವಾರ ಮುಂಚೆಯೇ ವಾರ್ಡ್ ಕಚೇರಿಯ ಗೋಡೆಯ ಮೇಲೆ ಅಂಟಿರಬೇಕು.