ಸೌತೆಕಾಯಿ ಕುದುರೆ, ಬದನೆಕಾಯಿ ಹಸು

ಆಗಸ್ಟ್ 13, 2025, ಬುಧವಾರ

ಜಪಾನಿನ ಬಹುಪಾಲು ಊರುಗಳಲ್ಲಿ ಇವತ್ತು ಓಬೋನ್ ಶುರು. ತೀರಿಹೋದವರು ಇವತ್ತು ಸಂಜೆ ಮನೆಗೆ ಬಂದು 16ಕ್ಕೆ ಹೊರಡುತ್ತಾರೆ ಅನ್ನುವ ನಂಬಿಕೆ. ಪಿತೃಪಕ್ಷದ ಎಡೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ತೀರಿಕೊಂಡು ಮಲತಂದೆ, ಮಗಳು ಇಬ್ಬರೇ ಉಳಿಯುವ ಮಾಂಗಾ (ಜಪಾನಿ ಚಿತ್ರಕಥೆ) ಒಂದಕ್ಕೆ ಈ ನಾಲ್ಕು ದಿನಗಳಷ್ಟು ಹದವಾದ ಜಾಗ ಬೇರೊಂದಿಲ್ಲ. ಬರೆಯುವವರೂ ಕನ್ನಡಕ್ಕೆ ತರುವವರೂ ಎಡವುವುದೂ ಇಲ್ಲಿಯೇ.

ಮೊದಲು ಕಾಗದಪತ್ರದ ಮಾತು. ಕಥೆಯ ಭಯವೆಲ್ಲ ಅಲ್ಲಿದೆ. ವಿಚ್ಛೇದನದಲ್ಲಿ ಮಗಳ ಪೋಷಕ ಅಧಿಕಾರ ತನಗೊಬ್ಬಳಿಗೇ ಸಿಕ್ಕ ಅಮ್ಮ ಮರುಮದುವೆಯಾಗಿ ಗಂಡನ ಮನೆತನದ ಹೆಸರು ಹಿಡಿದರೆ, ಕೋಸೆಕಿ ಎಂಬ ಕುಟುಂಬ ದಾಖಲೆಯಲ್ಲಿ ಅವಳು ಗಂಡನ ಕಡೆಗೆ ಹೋಗುತ್ತಾಳೆ. ಮಗಳು ತಾನಾಗಿ ಹೋಗುವುದಿಲ್ಲ. ಹಳೆಯ ಹೆಸರಿನಲ್ಲಿ ಹಳೆಯ ದಾಖಲೆಯಲ್ಲೇ ಉಳಿಯುತ್ತಾಳೆ. ಅವಳನ್ನು ಕರೆತರಲು ಎರಡು ದಾರಿ. ಒಂದು, ಕುಟುಂಬ ನ್ಯಾಯಾಲಯದ ಅನುಮತಿ ಪಡೆದು ಹೆಸರು ಬದಲಿಸಿ ಅಮ್ಮನ ದಾಖಲೆಗೆ ಸೇರಿಸುವುದು. ಇದರಿಂದ ಮನೆಬಾಗಿಲ ಫಲಕದಲ್ಲಿ ಹೆಸರು ಒಂದಾಗುತ್ತದೆ, ಅಷ್ಟೇ. ಕಾನೂನಿನ ಕಣ್ಣಿಗೆ ಮಲತಂದೆ, ಹುಡುಗಿ ಇಬ್ಬರೂ ತಂದೆ ಮಗಳಲ್ಲ, ಆಸ್ತಿಯ ಹಕ್ಕೂ ಇಲ್ಲ. ಇನ್ನೊಂದು ದತ್ತು. ಹೆಂಡತಿಯ ಮಗುವನ್ನು ದತ್ತು ಪಡೆಯಲು ನ್ಯಾಯಾಲಯದ ಅನುಮತಿ ಬೇಡ, ಸ್ಥಳೀಯ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಾಕು. ಮಗುವಿಗೆ 15 ತುಂಬಿಲ್ಲದಿದ್ದರೆ ಅದರ ಪರವಾಗಿ ಅಮ್ಮ ಒಪ್ಪುತ್ತಾಳೆ.

ದತ್ತು ಆಗಿದ್ದರೆ, ಅಮ್ಮ ಹೋದ ಮೇಲೆ ಪೋಷಕನ ಅಧಿಕಾರ ಪೂರ್ತಿ ಮಲತಂದೆಯದೇ. ಆಗಿಲ್ಲದಿದ್ದರೆ, ಹನ್ನೊಂದು ವರ್ಷದ ಹುಡುಗಿಗೆ ಬೆಳಗಾಗುವುದರೊಳಗೆ ಕಾನೂನಿನ ಪೋಷಕರೇ ಇಲ್ಲ. ಹೆತ್ತ ತಂದೆಗೂ ಅಧಿಕಾರ ತಾನಾಗಿ ಮರಳುವುದಿಲ್ಲ. ಅಮ್ಮ ಉಯಿಲಿನಲ್ಲಿ ಪಾಲಕರನ್ನು ಹೆಸರಿಸಿರಬೇಕು, ಇಲ್ಲವೇ ನ್ಯಾಯಾಲಯ ನೇಮಿಸಬೇಕು. ಅಜ್ಜಿ ತಾತ ಒಂದು ಕಡೆ, ಅವಳ ಟಿಫಿನ್ ಡಬ್ಬಿ ಕಟ್ಟುತ್ತಿದ್ದ ಈ ಮನುಷ್ಯ ಇನ್ನೊಂದು ಕಡೆ. ಹೆಸರು ಒಂದೇ ಎಂದಮೇಲೆ ಅಪ್ಪನೇ ಎಂದು ತಿಳಿದು ಬರೆದ ಕಥೆಯಲ್ಲಿ ಈ ಎಳೆದಾಟಕ್ಕೆ ಬುಡವೇ ಇರುವುದಿಲ್ಲ.

ಈ ಕಾನೂನಿನ ಎಳೆಯನ್ನು ಚೆನ್ನಾಗಿ ನೇಯ್ದ ಮಾಂಗಾ ನೋಡಬೇಕೆಂದರೆ ಯಾಮಾಶಿತಾ ತೊಮೊಕೊ ಅವರ ‘ಇಕೊಕು ನಿಕ್ಕಿ’ ಇದೆ. 2017ರಿಂದ 2023ರವರೆಗೆ ‘ಫೀಲ್ ಯಂಗ್’ ಪತ್ರಿಕೆಯಲ್ಲಿ ಬಂದು 11 ಸಂಪುಟವಾಯಿತು. ಅಲ್ಲಿರುವುದು ಮಲತಂದೆಯಲ್ಲ, ಚಿಕ್ಕಮ್ಮ. ಅಪಘಾತದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ 15ರ ಹುಡುಗಿಯನ್ನು ಅವಳು ಮನೆಗೆ ಕರೆತರುತ್ತಾಳೆ. ಪ್ರೀತಿ ಹುಟ್ಟುವ ಮೊದಲೇ ಜವಾಬ್ದಾರಿ ಹೊರುವುದು ಹೇಗಿರುತ್ತದೆ ಎಂಬುದನ್ನು ಅಷ್ಟು ನೇರವಾಗಿ ತೋರಿಸಿದ ಕೃತಿಗಳು ಕಡಿಮೆ.

ಇನ್ನು ದಿನಗಳ ಲೆಕ್ಕ. ಸಾವಿನ ದಿನವನ್ನೇ ಒಂದನೇ ದಿನವೆಂದು ಹಿಡಿದು 49ನೇ ದಿನದ ಕಾರ್ಯ. ಅಲ್ಲಿಯವರೆಗೆ ಅಸ್ಥಿಯ ಕಲಶವನ್ನು ಮನೆಯಲ್ಲೇ, ತಾತ್ಕಾಲಿಕ ಪೀಠದ ಮೇಲೆ ಇಡುವ ರೂಢಿಯಿದೆ. ಇಹಾಯ್ ಎಂಬ ಹೆಸರಿನ ಫಲಕ ಬಣ್ಣವಿಲ್ಲದ ಬಿಳಿ ಮರದ್ದು. ಅರಗಿನ ಕಪ್ಪು ಫಲಕ ಬರುವುದು 49ರ ನಂತರ. ಎರಡನೇ ವಾರದ ದೃಶ್ಯದಲ್ಲೇ ಕಪ್ಪು ಫಲಕ ಬರೆದರೆ ತಪ್ಪು. 49 ಮುಗಿದ ಮೇಲೆ ಬರುವ ಓಬೋನ್ ಮಾತ್ರ ಮೊದಲ ಓಬೋನ್. ಅದಕ್ಕೆ ಬಿಳಿ ಲಾಟೀನು ತೂಗುಹಾಕುತ್ತಾರೆ. ಜೂನ್ 25ಕ್ಕೆ ತೀರಿಕೊಂಡರೆ ಆಗಸ್ಟ್ 12ಕ್ಕೆ 49 ತುಂಬುತ್ತದೆ, ಈ ವರ್ಷವೇ ಬಿಳಿ ಲಾಟೀನು. ಜುಲೈನಲ್ಲಿ ತೀರಿಕೊಂಡರೆ ಮುಂದಿನ ವರ್ಷಕ್ಕೆ. ಹಾಗಾಗಿ ಕಥೆಯಲ್ಲಿ ಅಮ್ಮನ ಸಾವಿನ ತಾರೀಖನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇಬ್ಬರಿಗೂ ಒಟ್ಟಿಗೆ ಮಾಡಲು ಕೈಕೆಲಸ ಬೇಕಲ್ಲ, ಅದು ಕುದುರೆ ಮತ್ತು ಹಸು. ಬೇಗ ಬರಲಿ ಎಂದು ಸೌತೆಕಾಯಿಯ ಕುದುರೆ, ಹೊರೆ ಹೊತ್ತು ನಿಧಾನವಾಗಿ ಹೋಗಲಿ ಎಂದು ಬದನೆಕಾಯಿಯ ಹಸು. ಸ್ವಲ್ಪ ಬಾಗಿದ ಎಳೆ ಸೌತೆಕಾಯಿ ಆರಿಸಬೇಕು, ಬಾಗಿದ ತುದಿ ಮೇಲಕ್ಕೆ ಬಂದರೆ ಕುತ್ತಿಗೆ. ಕಾಲಿಗೆ ಸಿಪ್ಪೆ ಸುಲಿದ ಸೆಣಬಿನ ಕಡ್ಡಿ, ಇಲ್ಲದಿದ್ದರೆ ಮುರಿದ ಊಟದ ಕಡ್ಡಿ, ಸುಮಾರು 5 ಸೆಂ.ಮೀ. ತುಂಡು ನಾಲ್ಕು. ನೇರ ಚುಚ್ಚಿದರೆ ನಿಲ್ಲದು, ಹೊರಕ್ಕೆ ಓರೆಯಾಗಿ ಚುಚ್ಚಬೇಕು. ಕಿತ್ತು ಮತ್ತೆ ಅದೇ ತೂತಿಗೆ ಹಾಕಿದರೆ ನೀರೊಡೆದು ಕಾಲು ಸಡಿಲವಾಗುತ್ತದೆ. ಬದನೆ ಭಾರ, ಅದಕ್ಕೆ ಗಿಡ್ಡ, ದಪ್ಪ ಕಾಲು. ಹಲ್ಲುಕಡ್ಡಿ ಹಾಕಿದರೆ ರಾತ್ರಿಯೊಳಗೆ ಮಗುಚಿಕೊಳ್ಳುತ್ತದೆ. ಆಗಸ್ಟಿನ ಸೆಕೆಗೆ ಸೌತೆ ಎರಡು ದಿನದಲ್ಲಿ ಬಾಡುತ್ತದೆ. ಬಾಡಿದ್ದನ್ನು ಯಾರಿಗೂ ಹೇಳದೆ ಬೆಳಗ್ಗೆ ಬದಲಿಸಿಟ್ಟವರು ಯಾರು ಎಂಬುದನ್ನು ಮಾತಿಲ್ಲದ ಒಂದು ಚೌಕಟ್ಟಿನಲ್ಲಿ ತೋರಿಸಬಹುದು.

ಮಾಂಗಾ ಓದುವುದು ಬಲದಿಂದ ಎಡಕ್ಕೆ. ಕನ್ನಡಕ್ಕೆ ತರುವಾಗ ಪುಟಗಳನ್ನು ಎಡದಿಂದ ಬಲಕ್ಕೆ ಓದಿಸಲು ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಯೋಚನೆ ಬೇಡವೇ ಬೇಡ. ಬೇಸಿಗೆಯ ತೆಳು ಉಡುಪು ಯುಕಾತಾ, ಕಿಮೋನೊ ಎರಡರಲ್ಲೂ ಉಡುವವರ ಎಡಗಡೆಯ ಸೆರಗು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ತಿರುಗಿಸಿದ ಪುಟದಲ್ಲಿ ಅಮ್ಮನ ಓಬೋನಿಗೆ ಯುಕಾತಾ ಉಟ್ಟು ನಿಂತ ಮಗಳು ಸತ್ತವಳಂತೆ ಕಾಣುತ್ತಾಳೆ. ಬಲದಿಂದ ಎಡಕ್ಕೇ ಇರಲಿ. ಎಡಪುಟದ ಕೊನೆಯ ಚೌಕಟ್ಟು ಹಾಳೆ ಮಗುಚಿಸುವ ಜಾಗ ಎಂಬುದೂ ಆಗ ಉಳಿಯುತ್ತದೆ.

ನಿಜವಾದ ಕಷ್ಟ ಸಂಬೋಧನೆಯದು. ಜಪಾನೀಸಿನಲ್ಲಿ ಕರ್ತೃಪದ ಬಿಟ್ಟು ಮಾತಾಡುವುದು ಸಹಜ. ಹುಡುಗಿ ಒಂದಿಡೀ ಸಂಪುಟ ಅವನನ್ನು ಏನೂ ಎಂದು ಕರೆಯದೆ ದಾಟಿಸಬಲ್ಲಳು. ಕನ್ನಡದಲ್ಲಿ ‘ನೀನು’ ‘ನೀವು’ ಬಿಟ್ಟರೂ ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ: ಬಂದ್ಯಾ, ಬಂದ್ರಾ. ಮೊದಲ ಮಾತಿನ ಬಲೂನಿನಲ್ಲೇ ‘ಅಂಕಲ್’ ಹಾಕಿಬಿಡುವುದು ಸುಲಭದ ದಾರಿ, ಅದರಿಂದ ಕಥೆ ಕೆಡುತ್ತದೆ. ಹೇಗೆ ಕರೆಯಬೇಕೆಂದು ತಿಳಿಯದಾಗ ನಾವೆಲ್ಲ ಆಡುವ ಕನ್ನಡವೇ ಇದೆಯಲ್ಲ: ‘ಯಾವಾಗ ಬಂದಿದ್ದು?’ ‘ಊಟ ಆಯ್ತಾ?’ ‘ಎಲ್ಲಿಗೆ ಹೊರಟಿದ್ದು?’ ಇವುಗಳಲ್ಲಿ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಹುಡುಗಿಯ ಮಾತನ್ನೆಲ್ಲ ಇದರಲ್ಲೇ ನಡೆಸಬಹುದು. ಕಿವಿಗೆ ಕೃತಕ ಅನ್ನಿಸುವುದಿಲ್ಲ, ಮುಜುಗರ ಮಾತ್ರ ಕೇಳಿಸುತ್ತದೆ.

ಹಾಗೆ ಕಾದಿಟ್ಟರೆ 16ರ ಸಂಜೆಗೆ ಕ್ರಿಯಾಪದದ ಒಂದು ಬಾಲ ಉಳಿದಿರುತ್ತದೆ. ಬೀಳ್ಕೊಡುವ ದಿನ ಹಸುವಿನ ಮುಖವನ್ನು ಬಾಗಿಲ ಕಡೆಗೆ ತಿರುಗಿಸುವ ರೂಢಿ ಹಲವು ಮನೆಗಳಲ್ಲಿದೆ. ಹುಡುಗಿಯ ಬೆನ್ನು ಮಾತ್ರ ಕಾಣುವ, ಪುಟದ ನಡುವಿನ ಸಣ್ಣ ಚೌಕಟ್ಟು ಸಾಕು. ಹಾಳೆ ಮಗುಚಿದ ತಕ್ಷಣ ದೊಡ್ಡಕ್ಷರದಲ್ಲಿ ‘ಅಪ್ಪಾ’ ಎಂದು ಕೂಗಿಸುವುದು ಬೇಡ. ಅವಳ ಬಲೂನಿನಲ್ಲಿ ಇಷ್ಟೇ: ‘ಹಸು ನೀನೇ ತಿರುಗಿಸ್ತೀಯಾ?’